ಕೌದಿಯ ಹಿಂಭಾಗ ತಿರುಗಿಸಿ ನೋಡಿ

ಮೈಸೂರಿನ ಉದಯಗಿರಿಯಲ್ಲಿ ಕೂತು ಕೌದಿ ಹೊಲಿಯುವುದು ನನ್ನ ಕೆಲಸ. ಕೆಲವು ಕೌದಿಗಳು ಮನೆಗಳಿಗೆ ಹೊದೆಯಲು ಹೋಗುತ್ತವೆ, ಕೆಲವು ಗ್ಯಾಲರಿಯ ಗೋಡೆ ಸೇರುತ್ತವೆ. ಎರಡಕ್ಕೂ ಹಾಕುವ ಹೊಲಿಗೆ ಒಂದೇ. ನಮ್ಮೂರು ಧಾರವಾಡದ ಕಡೆಯದು. ಅಲ್ಲಿ ಕೌದಿ ಇಲ್ಲದ ಮನೆಯೇ ಇರಲಿಲ್ಲ. ಬಾಣಂತಿಗೆ ಕೌದಿ, ಕೂಸಿಗೆ ಕುಂಚಿಗೆ, ಬಂದ ನೆಂಟರಿಗೆ ಹಾಸಲು ಇನ್ನೆರಡು ಕೌದಿ. ಈ ಕೆಲಸ ಕಲಿಯಬೇಕೆಂದು ಬರುವ ಹುಡುಗಿಯರು, ಕಾವಾ ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಚಿಂದಿಗೂ ಸುಗ್ಗಿ ಇದೆ

ಉದಯಗಿರಿ, ಗೌಸಿಯಾ ನಗರ, ರಾಜೀವ್ ನಗರದ ಕಡೆ ಟೈಲರ್ ಅಂಗಡಿ ಇಲ್ಲದ ಬೀದಿ ಕಡಿಮೆ. ಅಂಗಡಿ ಇಲ್ಲದಿದ್ದರೆ ಯಾವುದಾದರೂ ಮನೆಯ ನಡುಕೋಣೆಯಲ್ಲಿ ಮೆಷಿನ್ ಓಡುತ್ತಿರುತ್ತದೆ. ಬ್ಲೌಸು, ಚೂಡಿದಾರ, ಫಾಲು, ಪೀಕೊ. ಕತ್ತರಿಸುವ ಮೇಜಿನ ಕೆಳಗೆ ಒಂದು ಗೋಣಿಚೀಲ. ನನ್ನ ಕಚ್ಚಾಮಾಲು ಆ ಚೀಲದಲ್ಲಿರುತ್ತದೆ.

ಆ ಚೀಲ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಮೇ, ಜೂನ್‌ನಲ್ಲಿ ಸ್ಕೂಲ್ ಯೂನಿಫಾರ್ಮು: ಕಡುನೀಲಿ, ಮೆರೂನ್, ಬೂದು, ಹೆಚ್ಚಿನದು ಟೆರಿಕಾಟ್. ಶ್ರಾವಣ ಹುಟ್ಟಿತೆಂದರೆ ವರಮಹಾಲಕ್ಷ್ಮಿ, ಗೌರಿ ಹಬ್ಬ, ದಸರಾ. ಆಗ ಬ್ಲೌಸಿನ ತುಂಡುಗಳು, ಟು ಬೈ ಟು ರೂಬಿಯಾ, ಲೈನಿಂಗಿನ ಪಾಪ್ಲಿನ್. ರಂಜಾನ್ ತಿಂಗಳಲ್ಲಿ ಚೀಲ ಹಿಗ್ಗಿ ಬಾಯಿ ಕಟ್ಟಲಾಗುವುದಿಲ್ಲ, ಆದರೆ ತುಂಬ ಸ್ಯಾಟಿನ್, ನೆಟ್, ಜಾರ್ಜೆಟ್ಟು. ರಂಜಾನ್ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುವುದರಿಂದ ಕೆಲವು ವರ್ಷ ಅದು ಮದುವೆ ಸೀಸನ್ನಿನ ಜೊತೆಗೇ ಬೀಳುತ್ತದೆ. ಆ ದಿನಗಳಲ್ಲಿ ದರ್ಜಿಗಳನ್ನು ಮಾತಾಡಿಸಲೂ ಹೋಗಬಾರದು. ಒಳ್ಳೆಯ ಕಾಟನ್ ಸಿಗುವುದು ಬಿಸಿಲುಕಾಲದಲ್ಲಿ, ನೈಟಿ ಮತ್ತು ಮನೆಯಲ್ಲಿ ಉಡುವ ಚೂಡಿದಾರಗಳಿಂದ. ದಸರಾ ಹೊತ್ತಿಗೆ ಪ್ರದರ್ಶನ ಇಡಬೇಕೆಂದರೆ ಅದರ ಬಟ್ಟೆ ಮಾರ್ಚ್, ಏಪ್ರಿಲ್‌ನಲ್ಲೇ ಮನೆಗೆ ಬಂದಿರಬೇಕು.

ಬ್ಲೌಸಿನ ಚಿಂದಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಕುತ್ತಿಗೆ ಕತ್ತರಿಸಿದಾಗ ಬೀಳುವ ಅರ್ಧಚಂದ್ರ. ಹಿಂದಿನ ಕುತ್ತಿಗೆಯದು ಅಂಗೈಯಷ್ಟು ಆಳ, ಮುಂದಿನದು ಅದಕ್ಕಿಂತ ಕಿರಿದು. ಒಬ್ಬ ದರ್ಜಿಯ ಕತ್ತರಿ ಯಾವತ್ತೂ ಒಂದೇ ಬಾಗಿನಲ್ಲಿ ಹೋಗುವುದರಿಂದ, ಒಂದೇ ಅಂಗಡಿಯ ತುಂಡುಗಳನ್ನು ಜೋಡಿಸಿದರೆ ಬಾಗಿಗೆ ಬಾಗು ಸರಿಯಾಗಿ ಕೂರುತ್ತದೆ. ಎರಡು ಅಂಗಡಿಯದನ್ನು ಬೆರೆಸಿದರೆ ಕೂರುವುದಿಲ್ಲ. ನಾನು ಅಂಗಡಿವಾರು ಡಬ್ಬಿ ಇಟ್ಟಿದ್ದೇನೆ.

ಇನ್ನೊಂದು ಮಾತು. ಚಿಂದಿಯನ್ನು ಪುಕ್ಕಟೆ ಕೇಳಬೇಡಿ. ಗುಜರಿಯವರು ಅದನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ಗ್ಯಾರೇಜಿನಲ್ಲಿ ಒರೆಸುವುದಕ್ಕೂ ದಿಂಬಿಗೆ ತುಂಬುವುದಕ್ಕೂ ಅದು ಬೇಕು. ಅವರು ಕೊಡುವುದಕ್ಕಿಂತ ಒಂದಿಷ್ಟು ಜಾಸ್ತಿ ಕೊಟ್ಟು, “ಭಾಯ್, ಕಾಟನ್ ಒಂದನ್ನು ಬೇರೆ ಚೀಲಕ್ಕೆ ಹಾಕಿಡಿ” ಎಂದರೆ ದರ್ಜಿಗಳು ಮರೆಯುವುದಿಲ್ಲ.

2. ಎಳೆಯನ್ನು ಸುಟ್ಟು ನೋಡಿ, ಬಣ್ಣವನ್ನು ಒರೆಸಿ ನೋಡಿ

ಬಟ್ಟೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು ಬೆಂಕಿಕಡ್ಡಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ. ಅಂಗಡಿಯವರು “ಪ್ಯೂರ್ ಕಾಟನ್” ಎಂದರೂ ಈ ಪರೀಕ್ಷೆ ಬಿಡಬೇಡಿ.

ಬಣ್ಣಕ್ಕೆ ಒದ್ದೆ ಬಿಳಿ ಬಟ್ಟೆಯಿಂದ ಜೋರಾಗಿ ಉಜ್ಜಿ ನೋಡಬೇಕು. ಕೆಂಪು ಮತ್ತು ಕಡುನೀಲಿ ಬಹಳ ಸಲ ಬಿಡುತ್ತವೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಈಗಿನ ಬಣ್ಣಗಳಿಗೆ ಅದು ನಡೆಯುವುದಿಲ್ಲ. ನೀರು ತಿಳಿಯಾಗುವವರೆಗೆ ಒಗೆಯುವುದೇ ದಾರಿ. ಒಗೆದರೆ ಗಂಜಿ ಹೋಗುತ್ತದೆ, ಕುಗ್ಗುವುದು ಕುಗ್ಗಿ ಮುಗಿಯುತ್ತದೆ, ಸೂಜಿಯೂ ಸಲೀಸಾಗಿ ಇಳಿಯುತ್ತದೆ.

3. ಕೌದಿಯ ಅಳತೆ ಸೀರೆಯೊಳಗೇ ಇದೆ

ಐದೂವರೆ ಮೀಟರಿನ ಸೀರೆಯನ್ನು ಮೂರು ಪಾಲು ಮಾಡಿ. ಒಂದೊಂದು ಪಾಲೂ ಆರಡಿ ಉದ್ದ. ಸೀರೆಯ ಪನ್ನ ನಾಲ್ಕಡಿಗೆ ಸ್ವಲ್ಪ ಕಡಿಮೆ. ಒಬ್ಬರು ಮಲಗಿ ಹೊದೆಯುವ ಕೌದಿಯ ಅಳತೆ ಇಷ್ಟೇ. ಒಂದು ಸೀರೆಯಲ್ಲಿ ಮೂರು ಪದರ ಸಿಕ್ಕಿತು, ಮೇಲಿನ ತೇಪೆಗೆ ಚಿಂದಿ ಸಾಕು, ಏನೂ ದಂಡವಾಗಲಿಲ್ಲ. ಪ್ರದರ್ಶನಕ್ಕೆಂದು ದೊಡ್ಡ ಅಳತೆ ಹಿಡಿಯುವವರು ಈ ಲೆಕ್ಕವನ್ನು ಯಾಕೆ ಮುರಿಯುತ್ತಿದ್ದೇವೆ ಎಂದು ತಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು. ಸಿಕ್ಕಿದ ಬಟ್ಟೆಯ ಅಳತೆಗೆ ಒಗ್ಗಿ ಕೆಲಸ ಮಾಡಿದಾಗ ವಿನ್ಯಾಸ ಗಟ್ಟಿಯಾಗುತ್ತದೆ ಎಂಬುದು ನನ್ನ ನಂಬಿಕೆ.

ತೀರಿಹೋದ ತಾಯಿಯ ಸೀರೆಗಳನ್ನು ತಂದು “ಇವುಗಳಲ್ಲಿ ಒಂದು ಕೌದಿ ಮಾಡಿಕೊಡಿ” ಎನ್ನುವವರು ಬರುತ್ತಾರೆ. ಕತ್ತರಿ ಹಾಕುವ ಮೊದಲು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೇ ಬಿಚ್ಚಿ ಕೇಳಿ: ಯಾವುದು ಹಬ್ಬಕ್ಕೆ ಉಟ್ಟದ್ದು, ಯಾವುದು ಅಡುಗೆಮನೆಯದು, ಯಾವುದನ್ನು ಕತ್ತರಿಸಲೇಬಾರದು. ಸಾಮಾನ್ಯವಾಗಿ ದಿನನಿತ್ಯ ಉಟ್ಟ ವಾಯಿಲ್ ಸೀರೆಯ ಹತ್ತಿರ ಬಂದಾಗ ಅವರ ಮಾತು ನಿಲ್ಲುತ್ತದೆ. ಆ ಸೀರೆಯನ್ನು ಮುಖಕ್ಕೆ ತಾಗುವ ಕಡೆ ಹಾಕುತ್ತೇನೆ.

ಮೈಸೂರಲ್ಲಾದ್ದರಿಂದ ಆ ಗಂಟಿನಲ್ಲಿ ಒಂದಾದರೂ ಮೈಸೂರು ಸಿಲ್ಕ್ ಇದ್ದೇ ಇರುತ್ತದೆ. 1912ರಲ್ಲಿ ಶುರುವಾದ, ಮಾನಂದವಾಡಿ ರಸ್ತೆಯ ಸರ್ಕಾರಿ ಕಾರ್ಖಾನೆಯ ಆ ಕ್ರೇಪ್ ರೇಷ್ಮೆ ಕೈಗೆ ಬಹಳ ಹಿತ, ಆದರೆ ಸೂಜಿ ಒಮ್ಮೆ ಚುಚ್ಚಿದ ತೂತು ಅದರಲ್ಲಿ ಮುಚ್ಚಿಕೊಳ್ಳುವುದಿಲ್ಲ. ಬಿಚ್ಚಿ ಹೊಲಿಯುವ ಅವಕಾಶವೇ ಇಲ್ಲ. ಹಳೆಯದಾದ ಮೇಲೆ ಮಡಿಕೆಯ ಗೆರೆಯಲ್ಲೇ ಸೀಳುವುದರಿಂದ ಹಿಂದೆ ತೆಳು ಮಲ್‌ ಬಟ್ಟೆ ಕೊಟ್ಟು ಹೊಲಿಯಬೇಕು. ಜರಿಯ ಅಂಚು ಚರ್ಮಕ್ಕೆ ಚುಚ್ಚುತ್ತದೆ. ಅದು ಕಾಲಿನ ಕಡೆಗಿರಲಿ.

4. ಹೊಲಿಗೆ ಎಲ್ಲಿಂದ ಹೊರಡಬೇಕು

ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯನ್ನು, ಅವರ ಮಾತಿನಲ್ಲಿ ಕವಂದಿಯನ್ನು, ಕೈಯಲ್ಲಿ ಹಿಡಿದು ನೋಡಿದವರಿಗೆ ಇದಕ್ಕೆ ಉತ್ತರ ಸಿಗುತ್ತದೆ. ತಳಕ್ಕೆ ಒಂದು ಹಳೆಯ ಸೀರೆ. ಒಂದು ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ತೇಪೆ ಇಡುತ್ತ, ಅದರ ತುದಿ ಮಡಚುತ್ತ, ಹೊಲಿಯುತ್ತ ಸುತ್ತು ಬರುತ್ತಾರೆ. ಒಂದು ಸುತ್ತಿನ ಒಳಗೆ ಇನ್ನೊಂದು ಸುತ್ತು. ನಡುವೆ ಉಳಿದ ಜಾಗಕ್ಕೆ ಕೊನೆಯ ತೇಪೆ. ಗೆರೆ ಎಳೆಯುವುದಿಲ್ಲ, ಹತ್ತಿ ತುಂಬುವುದಿಲ್ಲ. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಡಚಿ ಮಾಡಿದ ತ್ರಿಕೋನ, ಅದಕ್ಕೆ ಫೂಲ ಎನ್ನುತ್ತಾರೆ. ಅದನ್ನು ಕೂರಿಸದೆ ಕೆಲಸ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂರೂ ಧರ್ಮದವರು ಇದ್ದಾರೆ. ಕೆಲವು ಕವಂದಿಗಳಲ್ಲಿ ಶಿಲುಬೆ, ಕೆಲವುಗಳಲ್ಲಿ ಬಾಲಚಂದ್ರ ಕಾಣುತ್ತದೆ. ಹೊಲಿಗೆಯ ಸುತ್ತು ಮಾತ್ರ ಎಲ್ಲರದ್ದೂ ಹೊರಗಿನಿಂದ ಒಳಕ್ಕೆ.

ನಮ್ಮ ಕಡೆಯ ಕೌದಿಯಲ್ಲಿ ಪದರಗಳನ್ನು ಮೊದಲೇ ಹಾಸಿ, ಕಚ್ಚಾ ಹೊಲಿಗೆ ಹಾಕಿಕೊಂಡು, ಆಮೇಲೆ ಪಕ್ಕಾ ಹೊಲಿಗೆಗೆ ಕೂರುವುದೂ ಉಂಟು. ಹೀಗೆ ಪದರ ಮೊದಲೇ ಹಾಸಿದ್ದರೆ ಅಂಚಿನಿಂದ ಶುರುಮಾಡಬಾರದು: ಸುಕ್ಕೆಲ್ಲ ಒಳಕ್ಕೆ ಓಡಿ ನಡುವೆ ಹೊಟ್ಟೆ ಬರುತ್ತದೆ. ನಡುವಿನಿಂದ ಹೊರಟು ಸುಕ್ಕನ್ನು ಹೊರಕ್ಕೆ ತಳ್ಳಬೇಕು. ಸಿದ್ದಿ ಹೆಣ್ಣುಮಕ್ಕಳಿಗೆ ಈ ತೊಂದರೆ ಯಾಕಿಲ್ಲ ಎಂದರೆ ಅವರ ಮೇಲಿನ ಪದರ ಮೊದಲೇ ತಯಾರಾಗಿರುವುದಿಲ್ಲ. ಹೊಲಿಗೆ ಮುಂದೆ ಹೋದಂತೆ ಹುಟ್ಟುತ್ತದೆ. ಬಣ್ಣ ಮೊದಲೇ ಗೊತ್ತುಮಾಡಿಕೊಂಡ ಕೆಲಸಕ್ಕೆ ನಾನು ಎರಡನೆಯ ದಾರಿ ಹಿಡಿಯುತ್ತೇನೆ. ಬಟ್ಟೆಯೇ ದಾರಿ ತೋರಿಸಲಿ ಎನಿಸಿದಾಗ ಮೊದಲನೆಯದು.

ದಾರ ಹತ್ತಿಯದ್ದೇ ಆಗಬೇಕು. ಪಾಲಿಯೆಸ್ಟರ್ ದಾರ ಬಲವಾದದ್ದು ನಿಜ, ಆ ಬಲಕ್ಕೆ ಹಳೆಯ ಹತ್ತಿಬಟ್ಟೆ ಕೊಯ್ದುಹೋಗುತ್ತದೆ. ಹರಿದರೆ ದಾರ ಹರಿಯಲಿ, ಮತ್ತೆ ಹೊಲಿಯಬಹುದು.

5. ಎರಡು ಕೈ ಒಂದೇ ಸಾಲಿನಲ್ಲಿ ಬೇಡ

ದೊಡ್ಡ ಕೆಲಸ ಇದ್ದಾಗ ಬೀದಿಯ ಹೆಣ್ಣುಮಕ್ಕಳು ಬರುತ್ತಾರೆ. ಅವರಲ್ಲಿ ಕೆಲವರು ಬೀಡಿ ಕಟ್ಟಿದವರು, ಕೆಲವರು ಅಗರಬತ್ತಿ ಹೊಸೆದವರು. ಬೆರಳು ಬಹಳ ಚುರುಕು. ಸೂಜಿ ಹಿಡಿಯುವುದನ್ನು ಕಲಿಸಬೇಕಾಗಿಯೇ ಇಲ್ಲ. ಆದರೆ ಅಗರಬತ್ತಿಯ ಇದ್ದಿಲ ಪುಡಿ ಉಗುರಿನ ಸಂದಿಯಲ್ಲಿ ಕೂತರೆ ಸೋಪಿಗೂ ಬಗ್ಗುವುದಿಲ್ಲ. ಅಂಥವರು ಕಡುಬಣ್ಣದ ಭಾಗ ಹೊಲಿಯುತ್ತಾರೆ, ಬಿಳಿ ಇರುವ ಕಡೆ ಬೇರೆಯವರು. ಇದು ಅವರೇ ಮಾತಾಡಿಕೊಂಡು ಮಾಡಿದ ಏರ್ಪಾಡು.

ಪ್ರತಿಯೊಬ್ಬರ ಹೊಲಿಗೆಯೂ ಅವರ ಅಕ್ಷರದ ಹಾಗೆ. ಒಬ್ಬರದು ಒತ್ತೊತ್ತಾಗಿ ಸಣ್ಣದು, ಇನ್ನೊಬ್ಬರದು ಎಡಕ್ಕೆ ವಾಲಿದ್ದು, ಮತ್ತೊಬ್ಬರು ಎಷ್ಟು ಎಳೆಯುತ್ತಾರೆಂದರೆ ಬಟ್ಟೆ ನಿರಿಗೆ ಕಟ್ಟುತ್ತದೆ. ಒಂದು ಸಾಲನ್ನು ಶುರುಮಾಡಿದವರೇ ಮುಗಿಸಬೇಕು. ಕೌದಿಯನ್ನು ನಡುವೆ ಹಾಸಿ ನಾಲ್ಕೂ ಬದಿಗೆ ಒಬ್ಬೊಬ್ಬರನ್ನು ಕೂರಿಸಿದರೆ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಸೀಮೆ ಸಿಗುತ್ತದೆ. ಮುಂಭಾಗದಲ್ಲಿ ತೇಪೆಯ ಬಣ್ಣಗಳ ನಡುವೆ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ತಿರುಗಿಸಿದರೆ ಖಾಲಿ ಸೀರೆಯ ಮೇಲೆ ನಾಲ್ವರೂ ಬೇರೆ ಬೇರೆಯಾಗಿ ಎದ್ದು ಕಾಣುತ್ತಾರೆ. “ಅಕ್ಕಾ, ಇದು ನಂದು” ಎಂದು ಯಾರೂ ತೋರಿಸಿಕೊಡಬೇಕಾಗಿಲ್ಲ.

ಉತ್ತರ ಕರ್ನಾಟಕದಲ್ಲಿ ಗೊಂಧಳಿ ಮುಂತಾದ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರೂರಿಗೆ ಬಂದು, ಮನೆಯವರು ಕೊಟ್ಟ ಹಳೆಬಟ್ಟೆಯನ್ನು ಕೌದಿ ಮಾಡಿಕೊಟ್ಟು ಹೋಗುವ ರೂಢಿ ಇದೆ. ಆ ಕೌದಿಗಳನ್ನು ಮನೆಯವರು ಇಪ್ಪತ್ತು ಮೂವತ್ತು ವರ್ಷ ಹೊದ್ದಿದ್ದಾರೆ. ಹೊಲಿದವರ ಹೆಸರು ಕೇಳಿದರೆ ಯಾರಿಗೂ ನೆನಪಿಲ್ಲ. ನಾನು ಹಿಂಭಾಗದ ಒಂದು ಮೂಲೆಯಲ್ಲಿ, ಹೊಲಿದ ಎಲ್ಲರ ಹೆಸರನ್ನೂ ಅವರವರ ಕೈಯಿಂದಲೇ ದಾರದಲ್ಲಿ ಬರೆಸುತ್ತೇನೆ. ಕನ್ನಡವೋ ಉರ್ದುವೋ, ಅವರಿಗೆ ಬಂದ ಲಿಪಿಯಲ್ಲಿ. ಬರೆಯಲು ಬಾರದವರು ತಮಗೆ ಬೇಕಾದ ಒಂದು ಗುರುತು ಹೊಲಿಯುತ್ತಾರೆ.

6. ಬೆಳಕು ಇರುವಾಗ ಮಾತ್ರ

ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಬೆಳಗ್ಗೆಯೇ ಆಗಬೇಕು. ಸಂಜೆಯ ಹೊತ್ತು ಚಿಂದಿ ವಿಂಗಡಿಸಿ, ಇಸ್ತ್ರಿ ಮಾಡಿ. ಬೆರಳಿಗೆ ಅಂಗುಸ್ತಾನ ತೊಡಿ. ಗಂಟೆಗೊಮ್ಮೆ ಎದ್ದು ತಾರಸಿಗೆ ಹೋಗಿ ಬನ್ನಿ.

7. ಬೆಲೆ ಹೇಳುವ ಮೊದಲು ಹೊಲಿಗೆ ಎಣಿಸಿ

ಎಲ್ಲಕ್ಕಿಂತ ಹೆಚ್ಚು ಸಲ ನಾನು ವಿವರಿಸಬೇಕಾಗಿ ಬಂದದ್ದು ಇದನ್ನೇ. ಅರ್ಬನ್ ಹಾತ್ ಕರಕುಶಲ ಮಾರುಕಟ್ಟೆಯಲ್ಲಿ ಮಳಿಗೆ ಇಟ್ಟಾಗ ಮೊದಲ ಪ್ರಶ್ನೆ “ಡಬಲ್ ಕಾಟಿಗೆ ಬರುತ್ತಾ?”, ಎರಡನೆಯದು “ಹಳೇ ಬಟ್ಟೆಗೆ ಇಷ್ಟು ರೇಟಾ?”. ಉತ್ತರವನ್ನು ಲೆಕ್ಕದಲ್ಲೇ ಕೊಡಬೇಕು.

ಆರಡಿ ಉದ್ದ, ನಾಲ್ಕಡಿ ಅಗಲದ ಒಂದು ಕೌದಿ. ಸಾಲಿನಿಂದ ಸಾಲಿಗೆ ಅರ್ಧ ಅಂಗುಲ. ನಾಲ್ಕಡಿಗೆ 96 ಸಾಲು. ಒಂದೊಂದೂ ಆರಡಿ, ಒಟ್ಟು 576 ಅಡಿ, ಅಂದರೆ ಸುಮಾರು 175 ಮೀಟರ್ ಉದ್ದದ ಹೊಲಿಗೆ. ಅಂಗುಲಕ್ಕೆ ಮೂರು ಹೊಲಿಗೆ ಎಂದರೆ 20,736. ದಪ್ಪ ಪದರದಲ್ಲಿ ನಿಮಿಷಕ್ಕೆ ಹತ್ತು ಹೊಲಿಗೆ ಹಾಕಿದರೂ ಹೆಚ್ಚುಕಡಿಮೆ ಮೂವತ್ತೈದು ಗಂಟೆ. ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಕಣ್ಣು, ಬೆನ್ನು ತಡೆಯುವುದಿಲ್ಲ. ಒಬ್ಬರಿಗೆ ಒಂಬತ್ತು ದಿನದ ಕೆಲಸವಾಯಿತು. ಬಟ್ಟೆ ಒಗೆದು ಒಣಗಿಸಿದ್ದು, ವಿಂಗಡಿಸಿದ್ದು, ತೇಪೆ ಜೋಡಿಸಿದ್ದು ಇದರ ಮೇಲೆ. ಈ ಲೆಕ್ಕವನ್ನು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಮಳಿಗೆಯಲ್ಲಿ ತೂಗುಹಾಕಿದ್ದೇನೆ. ಚೌಕಾಸಿ ನಿಂತಿಲ್ಲ, ಆದರೆ ಓದಿದ ಮೇಲೆ ಜನ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ.

ಕೂಲಿಯನ್ನು ಗಂಟೆ ಲೆಕ್ಕದಲ್ಲಿ ಕೊಡಿ. ಬೀಡಿಗೂ ಅಗರಬತ್ತಿಗೂ ಸಾವಿರಕ್ಕೆ ಇಷ್ಟು ಎಂದು ಕೂಲಿ ಪಡೆದು ರೂಢಿಯಾದವರು ಬಂದ ಕೂಡಲೇ ಕೇಳುವುದು “ಒಂದಕ್ಕೆ ಎಷ್ಟು?” ಎಂದು. ಒಂದಕ್ಕೆ ಇಷ್ಟು ಎಂದು ನಿಗದಿ ಮಾಡಿದಿರೋ, ಹೊಲಿಗೆ ಉದ್ದವಾಗುತ್ತ ಹೋಗುತ್ತದೆ. ಅದು ಅವರ ತಪ್ಪಲ್ಲ, ಕೂಲಿಯ ಪದ್ಧತಿಯೇ ಹಾಗೆ ಮಾಡಿಸುತ್ತದೆ. ಗಂಟೆ ಲೆಕ್ಕವಾದರೆ ಕೈಗೆ ಅವಸರವಿಲ್ಲ. ಕೌದಿ ಮಾರಾಟವಾಗುವವರೆಗೆ ಕೂಲಿ ಹಿಡಿದಿಡುವುದು ಅನ್ಯಾಯ. ಮಾರಾಟದ ಚಿಂತೆ ಹೆಸರು ಹೊತ್ತ ಕಲಾವಿದರದ್ದು. ಹೊಲಿದವರಿಗೆ ವಾರದ ಕೊನೆಗೆ ದುಡ್ಡು ಕೈಸೇರಬೇಕು.

8. ಗೋಡೆಗೆ ಒರಗಿಸಬೇಡಿ, ನಡುವೆ ತೂಗಿ

ಕೌದಿಗೆ ಮೊಳೆ ಹೊಡೆಯಬಾರದು, ಕ್ಲಿಪ್ಪೂ ಬೇಡ. ಭಾರವೆಲ್ಲ ಒಂದೆರಡು ಕಡೆ ಬಿದ್ದು ಬಟ್ಟೆ ಜೋಲುತ್ತದೆ. ಹಿಂಭಾಗದ ಮೇಲಂಚಿಗೆ ನಾಲ್ಕು ಅಂಗುಲ ಅಗಲದ ಕಾಟನ್ ಪಟ್ಟಿಯನ್ನು ತೋಳಿನಂತೆ ಹೊಲಿದು, ಅದರೊಳಗೆ ನಯವಾಗಿ ಉಜ್ಜಿದ ಮರದ ಪಟ್ಟಿ ತೂರಿಸಿ ತೂಗಬೇಕು. ಆಗ ಭಾರ ಅಗಲಕ್ಕೆಲ್ಲ ಹಂಚಿಹೋಗುತ್ತದೆ. ಮರ ಬಟ್ಟೆಗೆ ನೇರ ತಾಗಿದರೆ ಕಾಲಕ್ರಮದಲ್ಲಿ ಕಂದು ಕಲೆ ಬೀಳುವುದರಿಂದ ಅದಕ್ಕೂ ಒಗೆದ ಬಿಳಿ ಬಟ್ಟೆ ಸುತ್ತಿ.

ಬೆಳಕಿನ ಮಾತು ಗ್ಯಾಲರಿಯವರ ಜೊತೆ ಮೊದಲೇ ಆಡಿ. ಬಟ್ಟೆಗೆ 50 ಲಕ್ಸ್ ಮೀರಬಾರದು ಎಂಬುದು ಮ್ಯೂಸಿಯಂಗಳು ಪಾಲಿಸುವ ಮಿತಿ. ಅದು ಓದುವ ಕೋಣೆಗಿಂತ ಬಹಳ ಮಬ್ಬು. ಚಿತ್ರಗಳಿಗೆಂದು ಹಾಕಿದ ಫೋಕಸ್ ಲೈಟು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸುರಿಯುತ್ತದೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಂಥ ಬಯಲು ಪ್ರದರ್ಶನಕ್ಕೆ ಗಟ್ಟಿ ಬಣ್ಣದ ಹೊಸ ಬಟ್ಟೆಯ ಕೆಲಸ ಮಾತ್ರ ಒಯ್ಯಿರಿ. ತಾಯಂದಿರ ಸೀರೆಗಳನ್ನು ಬಿಸಿಲಿಗೆ ಒಡ್ಡಬೇಡಿ.

ಒಂದಾದರೂ ಕೌದಿಯನ್ನು ಕೋಣೆಯ ನಡುವೆ, ಸುತ್ತು ಹಾಕಿ ನೋಡುವಂತೆ ತೂಗಿ. ಉತ್ತರ ಕರ್ನಾಟಕದವರು ಬಂದರೆ ನೇರ ಹಿಂಭಾಗಕ್ಕೇ ಹೋಗುತ್ತಾರೆ. ಅಂಚು ಮಡಚಿ, ಹೊಲಿಗೆ ಸವರಿ, “ನಮ್ಮವ್ವನೂ ಹಿಂಗ ಹಾಕ್ತಿದ್ಲರೀ” ಎನ್ನುತ್ತಾರೆ. ಮೈಸೂರಿನವರು ಮೊದಲು ಬಣ್ಣ ನೋಡುತ್ತಾರೆ. ಹಿಂದೆ ಏನಿದೆ ಎಂದು ತೋರಿಸಿಕೊಟ್ಟರೆ ಅವರೂ ಬಹಳ ಹೊತ್ತು ನಿಲ್ಲುತ್ತಾರೆ. “ಮುಟ್ಟಬೇಡಿ” ಎಂಬ ಫಲಕ ಹಾಕಬೇಕಾದ ಕಡೆ ಅದರ ಪಕ್ಕದಲ್ಲೇ ಮುಟ್ಟಲೆಂದು ಒಂದು ಸಣ್ಣ ಕೌದಿ ಇಡಿ. ಮೈಗೆ ತಾಗುವ ವಸ್ತುವನ್ನು ಕಣ್ಣಿಗೆ ಮಾತ್ರ ಕೊಡುವುದು ಸರಿಯಲ್ಲ.

9. ಹೆಸರುಫಲಕದಲ್ಲಿ ಯಾರಿದ್ದಾರೆ?

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಅಮೆರಿಕನ್ ಕೌದಿಗಳನ್ನು ಆಧುನಿಕ ಚಿತ್ರಕಲೆಯ ಹಾಗೆ ಗೋಡೆಗೆ ಹಾಕಿತು. ಕೌದಿ ಕಲಾಕೃತಿಯಾಗಬಹುದು ಎಂಬ ಮಾತಿಗೆ ಅಲ್ಲಿಂದ ದೊಡ್ಡ ಬಲ ಬಂತು. ಆದರೆ ಅವುಗಳಲ್ಲಿ ಬಹುಪಾಲು ಯಾರು ಹೊಲಿದದ್ದೆಂದು ಗೊತ್ತಿಲ್ಲದವು. ಮೂರು ದಶಕ ಕಳೆದು, 2002ರಲ್ಲಿ, ಅಲಬಾಮಾದ ಗೀಸ್ ಬೆಂಡ್ ಊರಿನ ಕಪ್ಪು ಹೆಣ್ಣುಮಕ್ಕಳ ಕೌದಿಗಳು ಹ್ಯೂಸ್ಟನ್ನಿನಲ್ಲೂ ಅದೇ ವಿಟ್ನಿಯಲ್ಲೂ ಪ್ರದರ್ಶನಗೊಂಡಾಗ ಹೊಲಿದವರ ಹೆಸರುಗಳೂ ಜೊತೆಗಿದ್ದವು. ನಮ್ಮ ಸಿದ್ದಿ ಹೆಣ್ಣುಮಕ್ಕಳ ಕವಂದಿಗಳು 2011ರಲ್ಲಿ ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನ ಕಂಡವು. ಅದರ ಹಿಂದೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹೆನ್ರಿ ಡ್ರೂವಲ್ ಅವರ ವರ್ಷಗಳ ಓಡಾಟವಿತ್ತು.

ಯಲ್ಲಾಪುರದ ಕಾಡಂಚಿನ ಕೌದಿ ನ್ಯೂಯಾರ್ಕಿಗೆ ಹೋಗಬಹುದಾದರೆ, ಉದಯಗಿರಿಯಲ್ಲಿ ಹೊಲಿದ ಕೌದಿಯ ಫಲಕದಲ್ಲಿ ನಾಲ್ಕು ಹೆಸರು ಬರೆಯಲು ಜಾಗವಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. “ಫಲಕಕ್ಕೆ ಒಬ್ಬರೇ ಕಲಾವಿದರು” ಎಂದು ಹೇಳುವ ಆಯೋಜಕರು ಇರುತ್ತಾರೆ. ವಿನ್ಯಾಸ ಇಂಥವರದು, ಹೊಲಿಗೆ ಇಂಥಿಂಥವರದು ಎಂದು ನೀವೇ ಅಚ್ಚು ಹಾಕಿಸಿಕೊಂಡು ಹೋಗಿ. ಉದ್ಘಾಟನೆಗೆ ಅವರನ್ನೂ ಕರೆದುಕೊಂಡು ಹೋಗಿ, ಆಟೋ ಖರ್ಚು ನಿಮ್ಮದಿರಲಿ. ತಾವು ಹೊಲಿದದ್ದರ ಎದುರು ನಿಂತು ಫೋಟೋ ತೆಗೆಸಿಕೊಂಡ ಆಪಾ ಒಬ್ಬರು ಮಾರನೆಯ ದಿನವೇ ಬಂದು, “ಮುಂದಿನದ್ದಕ್ಕೆ ಹಸಿರು ನಾನು ಆರಿಸ್ತೀನಿ” ಎಂದರು. ಆರಿಸಿದ್ದೂ ಅವರೇ.

10. ಪ್ರದರ್ಶನ ಮುಗಿದ ಮೇಲೆ

ಮಡಚಿ ಇಟ್ಟರೆ ಮಡಿಕೆ ಸವೆಯುತ್ತದೆ. ದಪ್ಪ ಪಿವಿಸಿ ಪೈಪಿಗೆ ಹಳೆಯ ಬಿಳಿ ಪಂಚೆ ಸುತ್ತಿ, ಅದರ ಮೇಲೆ ಕೌದಿಯನ್ನು ಮುಂಭಾಗ ಹೊರಗಿರುವಂತೆ ಸುತ್ತಿಡಿ. ಜಾಗವಿಲ್ಲದೆ ಮಡಚಲೇಬೇಕಾದರೆ ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಚಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಮಳೆಗಾಲದಲ್ಲಿ ಒಳಗೇ ಬೆವತು ಬೂಸ್ಟು ಹಿಡಿಯುತ್ತದೆ. ಒಣಗಿದ ಬೇವಿನೆಲೆಯನ್ನು ತೆಳುಬಟ್ಟೆಯಲ್ಲಿ ಕಟ್ಟಿಡಿ. ನುಸಿಗುಳಿಗೆ ಇಟ್ಟರೂ ಬಟ್ಟೆಗೆ ತಾಗದಂತಿರಲಿ.

ಕೊಂಡವರಿಗೆ ನಾನು ಹೇಳಿ ಕಳಿಸುವುದಿಷ್ಟು: ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಹಿಂಡಬೇಡಿ. ದೊಡ್ಡ ಟಬ್ಬಿನಲ್ಲಿ ಸೌಮ್ಯವಾದ ಸೋಪಿನ ನೀರಲ್ಲಿ ಅದ್ದಿ, ಜಾಲಿಸಿ, ನೆರಳಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸಿ. ಎಲ್ಲಾದರೂ ಹರಿದರೆ ನನ್ನ ಹತ್ತಿರ ತನ್ನಿ, ಮೇಲೊಂದು ತೇಪೆ ಹಾಕಿಕೊಡುತ್ತೇವೆ. ಬಟ್ಟೆಗೂ ದಾರಕ್ಕೂ ದುಡ್ಡು ಬೇಡ. ಹೊಲಿದವರ ಗಂಟೆಯ ಕೂಲಿ ಮಾತ್ರ ಕೊಡಬೇಕು, ಅದನ್ನು ನೇರ ಅವರ ಕೈಗೇ ಕೊಡಿ.